ಬೀಜಕ್ಕೊಂದು ಮರಿ

ಸತೀಶನ ಪಿಕಪ್ ಗೇಟಿನ ಮುಂದೆ ಬಂದು ನಿಂತಾಗ ಯಶೋಧಾ ಶೆಡ್ಡಿನೊಳಗೆ ಪೈಪು ಹಿಡಿದು ನೆಲ ತೊಳೆಯುತ್ತಿದ್ದಳು. ಅಣ್ಣನ ಗಾಡಿಯ ಹಾರನ್ನು ಅವಳಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಬೇರೆ ದಿನವಾಗಿದ್ದರೆ ಕೈ ಒರೆಸಿಕೊಂಡು ನಗುತ್ತಾ ಓಡುತ್ತಿದ್ದಳು. ಆದರೆ ಅವತ್ತು ಹಾರನ್ನಿನ ಜೊತೆಗೆ ಇನ್ನೊಂದು ಸದ್ದಿತ್ತು. ಹಂದಿಗಳ ಕಿರುಚಾಟ. ಅವಳ ಶೆಡ್ಡಿನದಲ್ಲ, ಹೊರಗಿನದು. ಅವಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು.

ಬಟ್ಟೆಮಲ್ಲಪ್ಪ ಎಂಬ ಊರಿನಿಂದ ಒಳಗೆ ಮಣ್ಣುರಸ್ತೆಯಲ್ಲಿ ಬಂದರೆ ಗುಡ್ಡದ ಬುಡದಲ್ಲಿ ಅವಳ ಹಂದಿ ಫಾರಂ. ಗಂಡ ನಾಗೇಂದ್ರನ ಪಾಲಿಗೆ ಬಂದಿದ್ದ ಜಾಗದಲ್ಲಿ ಮೂರು ಮಳೆಗಾಲ ಶುಂಠಿ ಹಾಕಿ, ಮೂರು ಸಲವೂ ಗಡ್ಡೆ ಕೊಳೆತು ಹೋದ ಮೇಲೆ, ಇನ್ನೇನು ಮಾಡುವುದು ಎಂದು ಗಂಡ ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ದಾರಿ ತೋರಿಸಿದವನು ಇದೇ ಸತೀಶ. ಅವನದು ಕೋಣಂದೂರಿನ ಕಡೆ, ಅವಳ ತವರು. ಅಲ್ಲಿ ಅವನು ಆಗಲೇ ಹಂದಿ ಸಾಕಿ ತೀರ್ಥಹಳ್ಳಿ, ಶಿವಮೊಗ್ಗದ ಅಂಗಡಿಗಳಿಗೆ ಕೊಡುತ್ತಿದ್ದ. ಒಂದು ದಿನ ಗೋಣಿಚೀಲದಲ್ಲಿ ಎರಡು ಹೆಣ್ಣುಮರಿ ಹಾಕಿಕೊಂಡು ಬಂದು, "ತಗಳೇ, ಇದು ನಿಂಗೆ ತವರಿನ ಬಾಗಿನ" ಎಂದು ನಕ್ಕಿದ್ದ. ಅತ್ತೆ ಕೆರಿಯಮ್ಮ ಆಗ ಮೂಗು ಮುಚ್ಚಿಕೊಂಡು ಒಳಗೆ ಹೋಗಿದ್ದರು. ಆ ಎರಡರಿಂದ ಶೆಡ್ಡು ತುಂಬಿತು. ಮೂಗು ಮುಚ್ಚಿಕೊಂಡ ಕೆರಿಯಮ್ಮನೇ ಆಮೇಲೆ ಹಂದಿಗಳ ಬಾಣಂತನಕ್ಕೆ ನಿಂತರು. ಯಾವ ತಾಯಿಹಂದಿ ಮರಿ ಹಾಕುವ ದಿನ ಬಂದರೂ ಅವರು ಪಕ್ಕದಲ್ಲಿ ಕಂಬಳಿ ಹೊದ್ದು ಕೂತು, ಒಂದೊಂದೇ ಮರಿಯನ್ನು ಹಳೇ ಸೀರೆಯಲ್ಲಿ ಒರೆಸಿ ಮೊಲೆಗೆ ಹಿಡಿಸುವವರೆಗೆ ಏಳುತ್ತಿರಲಿಲ್ಲ.

ಹಂದಿ ಜ್ವರದ ಸುದ್ದಿ ಬಂದದ್ದು ಹೋದ ದೀಪಾವಳಿಯ ಹೊತ್ತಿಗೆ. ಆಫ್ರಿಕನ್ ಹಂದಿ ಜ್ವರ ಎಂದು ಟೀವಿಯಲ್ಲಿ ಹೇಳಿದರು. ಮನುಷ್ಯರಿಗೆ ಏನೂ ಆಗುವುದಿಲ್ಲ, ಹಂದಿಗೆ ಬಂದರೆ ಮಾತ್ರ ಉಳಿಗಾಲವಿಲ್ಲ, ಲಸಿಕೆಯಿಲ್ಲ, ಔಷಧಿಯಿಲ್ಲ. ಒಂದು ಕಡೆ ಬಂತೆಂದರೆ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ, ರೋಗ ಇರಲಿ ಬಿಡಲಿ, ಕೊಂದು ಹೂಳುತ್ತಾರೆ. ಹೊರಗಿನಿಂದ ಬರುತ್ತಿದ್ದ ವ್ಯಾಪಾರಿಗಳು ಫೋನ್ ಎತ್ತುವುದನ್ನೇ ಬಿಟ್ಟರು. ಪಶು ಆಸ್ಪತ್ರೆಯ ಡಾಕ್ಟರು ಸುಚಿತ್ರಾ ಆಗ ಒಂದು ದಾರಿ ಹೇಳಿದರು. ಹಿಂಡಿನ ಆರೋಗ್ಯಕ್ಕೆ ಸರ್ಟಿಫಿಕೇಟು ಕೊಡುವ ಯೋಜನೆ ಶುರುವಾಗಿದೆ, ಬಲವಂತವೇನಿಲ್ಲ, ಇಷ್ಟವಿದ್ದವರು ಹೆಸರು ಬರೆಸಬಹುದು. ಎರಡು ಸಲ ರಕ್ತಪರೀಕ್ಷೆ, ನಡುವೆ ಕಟ್ಟುನಿಟ್ಟಾಗಿ ನಿಯಮ ಪಾಲಿಸಬೇಕು. ಪಾಸಾದರೆ 'ಈ ಹಿಂಡಿನಲ್ಲಿ ರೋಗವಿಲ್ಲ' ಎಂದು ಬರೆದುಕೊಡುತ್ತಾರೆ.

"ಇಷ್ಟ ಇದ್ರೆ ಅಂತ ಹೇಳಿದ್ರಲ್ಲ, ನಮಗ್ಯಾಕೆ ಸುಮ್ನೆ?" ಎಂದಿದ್ದ ನಾಗೇಂದ್ರ.

"ಇಷ್ಟ ಅಲ್ಲರೀ, ಹೆದರಿಕೆ" ಎಂದಿದ್ದಳು ಯಶೋಧಾ.

ಸೇರಿದ ಮೇಲೆ ಗೊತ್ತಾಯಿತು ಅದೆಷ್ಟು ಕಷ್ಟವೆಂದು. ದಿನಾ ಸಾಗರದ ಹೋಟೆಲುಗಳಿಂದ ಡ್ರಮ್ಮಿನಲ್ಲಿ ತರುತ್ತಿದ್ದ ಮುಸುರೆ ನಿಂತಿತು. ಮಾಂಸದ ಚೂರಿನಲ್ಲೂ ರೋಗ ಬರುತ್ತದಂತೆ. ತೌಡು, ಜೋಳ, ಹಿಂಡಿ ಹೊಂದಿಸುವಷ್ಟರಲ್ಲಿ ಸಾಕುಸಾಕಾಯಿತು. ಶೆಡ್ಡಿನ ಸುತ್ತ ನಾಯಿಯೂ ನುಸುಳದಂತೆ ಬೇಲಿ ಹಾಕಿದರು. ಗೇಟಿಗೆ ಬೀಗ ಬಿತ್ತು. ಒಳಗೆ ಹೋಗುವವರು ಮನೆಯ ಮೂವರು ಮಾತ್ರ, ಅದೂ ಬಟ್ಟೆ ಬದಲಾಯಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟು. ಹೊರಗಿನ ಒಂದು ಹಂದಿಯೂ ಒಳಗೆ ಬರಕೂಡದು. ಬೇರೆ ಹಂದಿ ಮುಟ್ಟಿದವರು ಅವತ್ತು ಶೆಡ್ಡಿಗೆ ಕಾಲಿಡಕೂಡದು. ಏನಾದರೂ ಹೆಚ್ಚುಕಡಿಮೆಯಾದರೆ ಮುಚ್ಚಿಡದೆ ಹೇಳಬೇಕು. ಸುಚಿತ್ರಾ ಇದನ್ನೆಲ್ಲ ಒಂದೊಂದಾಗಿ ಓದಿ ಹೇಳಿದಾಗ ಕೆರಿಯಮ್ಮ, "ಮಡಿಗಿಂತ ಹೆಚ್ಚಾಯ್ತಲ್ಲೇ ಇದು!" ಎಂದು ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿದ್ದರು. ಮೊದಲನೇ ರಕ್ತಪರೀಕ್ಷೆ ಪಾಸಾಯಿತು. ಎರಡನೆಯದು ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಅಣ್ಣನ ಗಾಡಿ ಬಂದಿತ್ತು.

ಸತೀಶ ಟಾರ್ಪಾಲಿನ ಹಗ್ಗ ಸಡಿಲಿಸುತ್ತಾ ನಿಂತಿದ್ದ. ಮುಖದ ತುಂಬ ಕೆಂಪು ಧೂಳು. ಡಾಂಬರು ರಸ್ತೆ ಬಿಟ್ಟು ಕಾಡಿನ ದಾರಿಯಲ್ಲಿ ಬಂದಿದ್ದನೆಂದು ನೋಡಿದರೇ ತಿಳಿಯುತ್ತಿತ್ತು.

"ಗೇಟು ತೆಗಿ ಯಶೋಧಾ, ಬೇಗ."

"ಗಾಡೀಲಿ ಎಂಥ ಅಣ್ಣಾ?"

"ಎಂಥ ಅಂದ್ರೆ? ನನ್ ಹಂದಿ ಕಣೆ. ನಮ್ಮ ಮೇಲಿನ ಕೇರೀಲಿ ಬಂದ್ಬಿಟ್ಟಿದೆ. ನಾಳೆ ಬೆಳಿಗ್ಗೆ ಟೀಮು ಬರ್ತದಂತೆ, ಸುತ್ತಮುತ್ತದ್ದೆಲ್ಲಾ ಕೊಂದ್ ಹಾಕ್ತಾರಂತೆ. ನಂದಕ್ಕೆ ಏನೂ ಆಗಿಲ್ಲ ಮಾರಾಯ್ತಿ. ಬೇಕಾದ್ರೆ ಕಣ್ಣು ಕಿವಿ ನೋಡು. ಎಲ್ಲಾ ತರ್ಲಿಕ್ಕೆ ಆಗ್ಲಿಲ್ಲ, ತಾಯಿಹಂದಿ ಅಷ್ಟು, ಒಂದಿಷ್ಟು ಮರಿ. ಸ್ವಲ್ಪ ದಿನ ನಿನ್ ಶೆಡ್ಡಲ್ಲಿ ಇರ್ಲಿ."

ಯಶೋಧಾಳ ಕೈ ತನಗೆ ತಾನೇ ಸೊಂಟದಲ್ಲಿ ಸಿಕ್ಕಿಸಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಿತು. ತೆಗೆಯಲಿಕ್ಕಲ್ಲ, ಅದು ಅಲ್ಲೇ ಇದೆಯೋ ಎಂದು.

"ಆಗಲ್ಲ ಅಣ್ಣಾ."

ಸತೀಶನಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದು ಅರ್ಥವಾಗಲಿಲ್ಲವೋ. ಅವನು ಹಗ್ಗ ಬಿಚ್ಚುತ್ತಲೇ ಇದ್ದ. "ಆ ಮೂಲೇಲಿ ಹಾಕ್ತೀನಿ. ನಿನ್ನವಕ್ಕೆ ತಾಗೋದೇ ಬೇಡ."

"ಆಗಲ್ಲ ಅಂದ್ನಲ್ಲಾ. ನಾನು ಬರ್ಕೊಟ್ಟಿದೀನಿ. ಹೊರಗಿಂದು ಒಂದೂ ಒಳಗೆ ಬರಂಗಿಲ್ಲ."

"ಯಾವ ನಾಯಿಗೆ ಬರ್ಕೊಟ್ಟಿದೀಯೇ?" ಅವನ ದನಿ ಏರಿತು. "ನಿನ್ ಶೆಡ್ಡಲ್ಲಿ ಇರೋವೆಲ್ಲಾ ಎಲ್ಲಿಂದ ಬಂದ್ವು? ಗೋಣಿಚೀಲದಲ್ಲಿ ತಂದು ನಿನ್ ಕೈಗೆ ಕೊಟ್ಟೋನು ಯಾರು? ಈಗ ನಂದು ಹೊರಗಿಂದಾಯ್ತಾ?"

ನಾಗೇಂದ್ರ ತೋಟದ ಕಡೆಯಿಂದ ಓಡಿ ಬಂದ. ಭಾವನ ಮುಖ ನೋಡಿ, ಗಾಡಿ ನೋಡಿ, ಅವನಿಗೆ ಮಾತು ತಿಳಿಯಿತು. "ಯಶೋಧಾ, ಒಂದೆರಡು ದಿನದ ಮಾತು. ಹಿಂದಿನ ಖಾಲಿ ಕೋಣೆ ಇದೆಯಲ್ಲ" ಎಂದು ಮೆಲ್ಲಗೆ ಹೇಳಿದ.

"ಅದಕ್ಕೂ ಇದಕ್ಕೂ ಒಂದೇ ಚರಂಡಿ ರೀ."

ಸತೀಶ ಗೇಟಿನ ಸರಳು ಹಿಡಿದು ನಿಂತ. ಸಿಟ್ಟು ಇಳಿದು ಅವನಿಗೆ ಅಳು ಬಂತು. "ಆ ಮೇಲಿನ ಕೇರಿಯೋನು ಮಾಡಿದ ಅನ್ಯಾಯಕ್ಕೆ ನಾನ್ಯಾಕೆ ಹಾಳಾಗ್ಬೇಕು ಹೇಳು. ಅವನ ಹಂದಿ ಸತ್ತಿದ್ದನ್ನ ಯಾರಿಗೂ ಹೇಳ್ದೆ ಹೂತಾಕಿ, ಉಳಿದಿದ್ದನ್ನ ಊರೂರಿಗೆ ಮಾರ್ಕೊಂಡ. ಮೊದ್ಲೇ ಬಾಯಿಬಿಟ್ಟಿದ್ರೆ ನಾನೂ ನಿನ್ ತರ ಬೇಲಿ ಹಾಕ್ಕೊಂಡು ಕೂರ್ತಿದ್ದೆ. ಈಗ ಎಲ್ಲಿ ಬಿಡ್ಲಿ ಇವನ್ನ? ಕಾಡಿಗೆ ಬಿಡ್ಲಾ?"

"ಅಯ್ಯೋ, ಕಾಡಿಗೆ ಬಿಡ್ಬೇಡ ಅಣ್ಣಾ. ಕಾಡುಹಂದಿಗೆ ಹತ್ತಿದ್ರೆ ಮುಗೀತು."

"ಹಂಗಾದ್ರೆ ಗೇಟು ತೆಗಿ."

ಗಾಡಿಯೊಳಗಿನ ಒಂದು ತಾಯಿಹಂದಿ ಟಾರ್ಪಾಲಿನ ಸಂದಿಯಿಂದ ಮೂತಿ ಹೊರಗೆ ಹಾಕಿ ಗಾಳಿ ಮೂಸಿತು. ಶೆಡ್ಡಿನೊಳಗಿನವು ಅದಕ್ಕೆ ಉತ್ತರ ಕೊಟ್ಟವು. ಯಶೋಧಾ ಅಣ್ಣನ ಕೈ ಮೇಲೆ ಕೈಯಿಟ್ಟು ಏನೋ ಹೇಳಬೇಕೆಂದುಕೊಂಡಳು. ಆದರೆ ಆ ಕೈಯಿಂದ ಅವನು ಹಂದಿ ಹಿಡಿದು ಗಾಡಿಗೆ ಹತ್ತಿಸಿದ್ದಾನೆ, ಮುಟ್ಟಿದರೆ ತಾನು ಶೆಡ್ಡಿಗೆ ಹೋಗುವಂತಿಲ್ಲ ಎಂಬುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡಳು. ಸತೀಶ ಅದನ್ನು ನೋಡಿದ. ಎಲ್ಲಕ್ಕಿಂತ ಅದೇ ಅವನಿಗೆ ಹೆಚ್ಚು ನಾಟಿತು.

"ಸರಿ ಬಿಡು" ಎಂದ. "ನಂಗೆ ತಂಗಿ ಇಲ್ಲ ಅಂದ್ಕೊಳ್ತೀನಿ."

ಹಗ್ಗ ಮತ್ತೆ ಬಿಗಿದು ಗಾಡಿ ತಿರುಗಿಸಿಕೊಂಡು ಹೋದ. ಮಣ್ಣುರಸ್ತೆಯ ತಿರುವಿನಾಚೆ ಗಾಡಿಯ ಸದ್ದು ಸ್ವಲ್ಪ ಹೊತ್ತು ನಿಂತಂತಾಗಿ, ಮತ್ತೆ ಮುಂದೆ ಹೋಯಿತು. ಯಶೋಧಾ ಅದನ್ನು ಗಮನಿಸಿದಳು, ಆದರೆ ಅದರ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಗೇಟಿಗೆ ಒರಗಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

ಮರುದಿನ ಸತೀಶನ ಹಂದಿಗಳನ್ನೆಲ್ಲ, ಅವನು ವಾಪಸ್ ಒಯ್ದವನ್ನೂ ಸೇರಿಸಿ, ಕೊಂದರು. ವಿಷಯ ತಿಳಿಸಿದವಳು ಅತ್ತಿಗೆ ಸುಪ್ರಿಯಾ. "ಅವ್ರು ಮಾತೇ ಆಡ್ತಿಲ್ಲ ಯಶೋಧಾ. ಹಿತ್ಲಲ್ಲಿ ಕೂತವ್ರು ಎದ್ದೇ ಇಲ್ಲ" ಎಂದಳು ಫೋನಿನಲ್ಲಿ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಯಶೋಧಾಗೆ. ಅಣ್ಣನ ನಂಬರಿಗೆ ಎಷ್ಟು ಸಲ ಮಾಡಿದರೂ ಅವನು ಎತ್ತಲಿಲ್ಲ. ನಾಗೇಂದ್ರ ಅವಳೊಡನೆ ಅಗತ್ಯಕ್ಕೆ ಬೇಕಾದಷ್ಟೇ ಮಾತಾಡಿದ. ಕೆರಿಯಮ್ಮ ಮಾತ್ರ ಏನೂ ಆಗದವರಂತೆ ಓಡಾಡಿಕೊಂಡಿದ್ದರು. ಅಷ್ಟೇ ಅಲ್ಲ, ಸೊಸೆಯ ತಟ್ಟೆಗೆ ತಾವೇ ಬಡಿಸಿ, "ಉಣ್ಣು, ಎಲ್ಲಾ ಸರಿಯಾಗ್ತದೆ" ಎಂದು ಸಮಾಧಾನ ಹೇಳುತ್ತಿದ್ದರು.

ಆ ವಾರದಲ್ಲೇ ದೊಡ್ಡಿ ಮರಿ ಹಾಕಿತು. ದೊಡ್ಡಿ ಎಂದರೆ ಸತೀಶ ಕೊಟ್ಟ ಮೊದಲ ಮರಿಯ ಮಗಳು, ಹಿಂಡಿಗೆಲ್ಲ ದೊಡ್ಡದು. ಕೆರಿಯಮ್ಮ ಎಂದಿನಂತೆ ಹಳೇ ಸೀರೆ ಹಿಡಿದು ಪಕ್ಕದಲ್ಲಿ ಕೂತರು. ಮರಿಗಳೆಲ್ಲ ಗಟ್ಟಿಯಾಗಿದ್ದವು. ಅವು ಸಾಲಾಗಿ ಮೊಲೆಗೆ ಬಿದ್ದದ್ದನ್ನು ನೋಡಿದಾಗ ಯಶೋಧಾಗೆ ಎಷ್ಟೋ ದಿನದ ಮೇಲೆ ಉಸಿರು ಹಗುರಾಯಿತು. ಎರಡನೇ ರಕ್ತಪರೀಕ್ಷೆಗೆ ಸುಚಿತ್ರಾ ಬರುವ ದಿನ ಗೊತ್ತಾಗಿತ್ತು. ಅದೊಂದು ಆಗಿಬಿಟ್ಟರೆ, ಸರ್ಟಿಫಿಕೇಟು ಕೈಗೆ ಬಂದುಬಿಟ್ಟರೆ, ಅದನ್ನು ಹಿಡಿದುಕೊಂಡು ಕೋಣಂದೂರಿಗೆ ಹೋಗಿ ಅಣ್ಣನ ಕಾಲು ಹಿಡಿಯುತ್ತೇನೆ, ನನ್ನ ಹಿಂಡಿನಲ್ಲಿ ಅರ್ಧ ನಿನ್ನದು ಎನ್ನುತ್ತೇನೆ. ಹೀಗೆಲ್ಲ ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು.

ಪರೀಕ್ಷೆಗೆ ಎರಡು ದಿನವಿದೆ ಎನ್ನುವಾಗ ಅವಳು ಒಲೆಗೆಂದು ದರಗಿನ ಒಣ ಎಲೆ ತರಲು ಮನೆ ಹಿಂದಿನ ಹಳೇ ಕೊಟ್ಟಿಗೆಗೆ ಹೋದಳು. ಎಮ್ಮೆ ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತು, ಅತ್ತ ಹೋಗುತ್ತಿದ್ದವರು ಕೆರಿಯಮ್ಮ ಒಬ್ಬರೇ. ಮೂಲೆಯಲ್ಲಿ ದೊಡ್ಡ ಬೆತ್ತದ ಬುಟ್ಟಿಯೊಂದು ಮಗುಚಿಕೊಂಡಿತ್ತು. ಮೇಲೊಂದು ಕಲ್ಲು. ಒಳಗಿನಿಂದ ಏದುಸಿರಿನ ಸದ್ದು.

ಬುಟ್ಟಿ ಎತ್ತಿದಳು. ಹಂದಿಮರಿ. ಹಾಲು ಬಿಟ್ಟಷ್ಟು ದೊಡ್ಡದು, ಅಣ್ಣನ ಹಂದಿಗಳಿಗಿದ್ದಂತೆ ಸೊಂಟದ ಮೇಲೆ ಕಪ್ಪು ಪಟ್ಟೆ. ಪಕ್ಕದ ಚಿಪ್ಪಿನಲ್ಲಿ ಗಂಜಿ ಹಾಗೆಯೇ ಇತ್ತು. ಮರಿ ತಲೆ ಎತ್ತಲು ನೋಡಿ ಸೋತು ಮಲಗಿತು. ಅದರ ಕಿವಿಗಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹೊಟ್ಟೆಯ ಮೇಲೂ ಅದೇ ಬಣ್ಣದ ಮಚ್ಚೆ. ಡಾಕ್ಟರು ಮೊಬೈಲಿನಲ್ಲಿ ತೋರಿಸಿದ ಚಿತ್ರದಲ್ಲಿ ಇದ್ದಂತೆಯೇ.

ಹಿಂದೆ ಹೆಜ್ಜೆ ಸದ್ದಾಯಿತು. ಕೆರಿಯಮ್ಮ ಇನ್ನೊಂದು ಚಿಪ್ಪಿನಲ್ಲಿ ಹಾಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅವತ್ತು ಚೆನ್ನಾಗಿತ್ತು ಕಣೆ" ಎಂದರು ಕೆರಿಯಮ್ಮ. "ನೆಗೀತಿತ್ತು."

"ಅತ್ತೆ, ಎಂಥ ಮಾಡಿದ್ರಿ..."

"ಸತೀಶ ಅಳ್ತಾ ಹೋದ್ನಲ್ಲೇ. ನಂಗೆ ತಡೀಲಿಕ್ಕಾಗ್ಲಿಲ್ಲ. ಒಳದಾರೀಲಿ ಹೋಗಿ ತಿರುವಿನಲ್ಲಿ ನಿಲ್ಲಿಸ್ದೆ. ಬೀಜಕ್ಕೆ ಒಂದಾದ್ರೂ ಉಳೀಲಿ ಅತ್ತೆ, ಅಂತ ಕೈಗೆ ಕೊಟ್ಟ. ಒಂದು ಮರಿ ಅಲ್ವಾ ಅಂದ್ಕೊಂಡೆ. ಶೆಡ್ಡಿಗೆ ಬಿಟ್ಟಿಲ್ಲಲ್ಲ ನಾನು. ಇಲ್ಲೇ ಇಟ್ಕೊಂಡಿದ್ದೆ. ಎಲ್ಲಾ ತಣ್ಣಗಾದ್ಮೇಲೆ ಅವ್ನಿಗೆ ವಾಪಸ್ ಕೊಟ್ರೆ ನಿಂಗೂ ಅಣ್ಣ ಸಿಗ್ತಾನೆ ಅಂತ..."

"ಇದನ್ನ ಮುಟ್ಟಿ ದೊಡ್ಡಿ ಹತ್ರ ಹೋಗಿದ್ರಾ?"

ಕೆರಿಯಮ್ಮ ಹಾಲಿನ ಚಿಪ್ಪನ್ನು ಹೊಸ್ತಿಲ ಮೇಲಿಟ್ಟು, ಎರಡೂ ಅಂಗೈಯನ್ನು ಸೀರೆಗೆ ಒರೆಸಿಕೊಂಡರು.

ಸಂಜೆಯೊಳಗೆ ಮರಿ ಸತ್ತಿತು. ನಾಗೇಂದ್ರ ಬಂದು ನೋಡಿ, ಹಾರೆ ತಂದ.

"ಕೇಳು" ಎಂದ. "ಹೂತು ಸುಣ್ಣ ಹಾಕ್ತೀನಿ. ಕೊಟ್ಟಿಗೆಗೆ ಬೆಂಕಿ ಕೊಡ್ತೀನಿ, ದರಗಿಗೆ ಹತ್ಕೊಳ್ತು ಅಂದ್ರಾಯ್ತು. ನಾಡಿದ್ದು ರಕ್ತ ತಗೊಂಡ್ ಹೋಗ್ಲಿ. ನಮ್ಮವಕ್ಕೆ ಬಂದಿಲ್ದೆ ಇದ್ರೆ ಯಾರಿಗೂ ಗೊತ್ತಾಗೋದೂ ಇಲ್ಲ."

"ಬಂದಿದ್ರೆ?"

"ಬಂದಿದ್ರೆ ಹೆಂಗೂ ಹೋಗ್ತವೆ. ಹೇಳಿದ್ರೆ ಈಗ್ಲೇ ಹೋಗ್ತವೆ. ಹೇಳಿ ಎಂಥ ಸಿಗ್ತದೆ ಹೇಳು ನಿಂಗೆ?"

ಅವನ ಮಾತಿನಲ್ಲಿ ತಪ್ಪು ಹುಡುಕಲು ಯಶೋಧಾಗೆ ಆಗಲಿಲ್ಲ. ನಿಜ ಹೇಳಬೇಕೆಂದರೆ ಹಾರೆಯನ್ನು ಅವನ ಕೈಯಿಂದ ತೆಗೆದುಕೊಂಡು ಮೊದಲು ಅಗೆದವಳು ಅವಳೇ. ಗಟ್ಟಿ ನೆಲ, ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಅಗೆಯುತ್ತಾ ಅಗೆಯುತ್ತಾ ಅವಳು ತನಗೆ ತಾನೇ ಹೇಳಿಕೊಂಡಳು: ಮರಿ ಸತ್ತದ್ದು ಬೇರೆ ಯಾವುದೋ ಕಾಯಿಲೆಯಿಂದ ಇರಬಹುದು. ತಾಯಿಯಿಂದ ಅಗಲಿದ್ದಕ್ಕೆ ಇರಬಹುದು. ದೊಡ್ಡಿ ಬೆಳಿಗ್ಗೆ ತಿಂದಿತ್ತಲ್ಲ. ಮರಿಗಳು ಹಾಲು ಕುಡಿಯುತ್ತಿದ್ದವಲ್ಲ. ಬೇಲಿಯಾಚೆ ಮಾಸ್ತಪ್ಪನ ಮನೆಯ ಹೊಗೆ ಕಾಣುತ್ತಿತ್ತು. ಮಾಸ್ತಪ್ಪ ಪಕ್ಕದ ಜಾಗದವನು, ಹಿತ್ತಿಲಲ್ಲಿ ಎರಡು ಹಂದಿ ಸಾಕಿಕೊಂಡಿದ್ದ. ಹೊತ್ತು ಮುಳುಗುವಾಗ ಅವಕ್ಕೆ ಕೂಳು ಹಾಕುತ್ತಾ ಕರೆಯುವ ಅವನ ದನಿ ದಿನಾ ಕೇಳುತ್ತಿತ್ತು. ಅವತ್ತೂ ಕೇಳಿತು. "ಬಾ ಬಾ ಬಾ" ಎಂದು, ಮಕ್ಕಳನ್ನು ಕರೆದಂತೆ.

ಯಶೋಧಾಳ ಕೈ ನಿಂತಿತು. ಮೇಲಿನ ಕೇರಿಯ ಆ ಮನುಷ್ಯ, ಯಾರಿಗೂ ಹೇಳದೆ ಹೂತು ಹಾಕಿದವನು, ಅವನೂ ಹೀಗೇ ಒಂದು ಸಂಜೆ ಹಾರೆ ಹಿಡಿದಿರಬೇಕು. ಅವನೂ ಕೆಟ್ಟವನಾಗಿರಲಿಲ್ಲವೇನೋ. ಬೇರೆ ಕಾಯಿಲೆ ಇರಬಹುದು ಎಂದುಕೊಂಡೇ ಅಗೆದಿರಬೇಕು. ಅದರಿಂದ ಸತೀಶ ಹಾಳಾದ. ಈಗ ತಾನು ಅಗೆಯುವ ಗುಂಡಿಯಿಂದ ಇನ್ನು ಯಾರು ಯಾರೋ.

ಅವಳು ಹಾರೆ ಬಿಟ್ಟು, ಕೈ ತೊಳೆದು, ಫೋನ್ ತೆಗೆದುಕೊಂಡಳು. "ಮಾಡ್ಬೇಡ ಯಶೋಧಾ" ಎಂದ ನಾಗೇಂದ್ರ. ಕಸಿದುಕೊಳ್ಳಲು ಬರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

"ಮೇಡಂ, ನಾನು ಯಶೋಧಾ. ನಮ್ಮನೇಲಿ ಹೊರಗಿನ ಮರಿಯೊಂದು ಸತ್ತಿದೆ" ಎಂದು ಅವಳು ಹೇಳಿದಳು. ಸುಚಿತ್ರಾ, "ಯಾರೂ ಮನೆ ಬಿಟ್ಟು ಹೊರಗೆ ಹೋಗ್ಬೇಡಿ. ನಾನು ಬರ್ತಿದೀನಿ" ಎಂದರು.

ಮರಿಯ ಸ್ಯಾಂಪಲ್ಲು ಭೋಪಾಲಿನ ಲ್ಯಾಬಿಗೆ ಹೋಯಿತು. ಫಲಿತಾಂಶ ಬರುವವರೆಗೆ ಕಾಯಬೇಕಿತ್ತು. ಆ ದಿನಗಳನ್ನು ಯಶೋಧಾ ಹೇಗೆ ಕಳೆದಳೋ ಅವಳಿಗೇ ಗೊತ್ತಿಲ್ಲ. ಗಳಿಗೆಗೊಮ್ಮೆ ಶೆಡ್ಡಿಗೆ ಹೋಗಿ ಒಂದೊಂದು ಹಂದಿಯ ಕಿವಿಯನ್ನೂ ಮುಟ್ಟಿ ನೋಡುತ್ತಿದ್ದಳು, ಬಿಸಿಯಿದೆಯೇ, ಬಣ್ಣ ಬದಲಾಗಿದೆಯೇ. ಮನೆದೇವರಿಗೆ ಕಾಣಿಕೆ ಕಟ್ಟಿದಳು. ಕೆರಿಯಮ್ಮ ಜಗುಲಿಯ ಮೂಲೆ ಹಿಡಿದು ಕೂತವರು ಏಳಲಿಲ್ಲ. ಅತ್ತೆಯ ಕಡೆ ತಿರುಗಿ ನೋಡಲೂ ಯಶೋಧಾಗೆ ಮನಸ್ಸು ಬರಲಿಲ್ಲ. ಅನ್ನ ಬಡಿಸಿ ಇಟ್ಟು ಬರುತ್ತಿದ್ದಳು. ಬಡಿಸಿದ್ದು ಹಾಗೆಯೇ ಇರುತ್ತಿತ್ತು.

ಒಂದು ಬೆಳಿಗ್ಗೆ ದೊಡ್ಡಿ ಏಳಲಿಲ್ಲ. ಬೋಗುಣಿಯ ಸದ್ದು ಕೇಳಿದರೆ ಎಲ್ಲರನ್ನೂ ನೂಕಿಕೊಂಡು ಬರುತ್ತಿದ್ದ ದೊಡ್ಡಿ ಗೋಡೆಗೆ ಮೂತಿ ಒತ್ತಿಕೊಂಡು ಮಲಗಿತ್ತು. ಮರಿಗಳು ಹಾಲು ಬರದ ಮೊಲೆಗೆ ತಿವಿದು ತಿವಿದು ಕಿರುಚುತ್ತಿದ್ದವು. ಕಿವಿ ಮುಟ್ಟಿದರೆ ಕೆಂಡ. ಯಶೋಧಾ ಅದರ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತು, ಅದರ ಕೊರಳನ್ನು ತೊಡೆ ಮೇಲಿಟ್ಟುಕೊಂಡಳು. ಲ್ಯಾಬಿನ ಫೋನ್ ಬರುವ ಮೊದಲೇ ಅವಳಿಗೆ ಎಲ್ಲ ತಿಳಿದುಹೋಯಿತು.

ಮರುದಿನ ಬಿಳಿ ಅಂಗಿ ತೊಟ್ಟವರು ಬಂದರು. ಜೆಸಿಬಿ ಬಂತು. ಶುಂಠಿ ಹಾಕುತ್ತಿದ್ದ ಜಾಗದಲ್ಲೇ ಗುಂಡಿ ತೆಗೆದರು. ಮಾಸ್ತಪ್ಪನ ಹಂದಿಗಳನ್ನೂ ತಂದರು. ಅವುಗಳ ಹಿಂದೆ ಮಾಸ್ತಪ್ಪ ಬೇಲಿಯವರೆಗೂ ಬಂದ.

"ನಿನ್ ಸರ್ಟಿಫಿಕೇಟಿಗೆ ಬೆಂಕಿ ಬೀಳ!" ಎಂದು ಕೂಗಿದ. "ನನ್ ಹಂದಿ ನಿನ್ನನ್ನ ಎಂಥ ಮಾಡಿದ್ವೇ? ಸುಮ್ನೆ ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತಲ್ಲ!"

ಯಶೋಧಾ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡಳು. ಸರ್ಕಾರದ ಪರಿಹಾರ ಬರುತ್ತದೆ ಎಂದು ಯಾರೋ ಅವನಿಗೆ ಹೇಳಿದರು. ಅವನು ಅವರ ಕಡೆ ನೋಡಲೂ ಇಲ್ಲ.

ಸುಚಿತ್ರಾ ಅವಳನ್ನು ಪಕ್ಕಕ್ಕೆ ಕರೆದು, "ನೀವು ಒಳಗಿರಿ, ನೋಡ್ಬೇಡಿ" ಎಂದರು.

"ಇಲ್ಲ ಮೇಡಂ. ಹೊರಗಿನೋರು ಹಿಡಿದ್ರೆ ಅವು ಹೆದರ್ಕೊಳ್ತವೆ. ನಾನೇ ಒಂದೊಂದಾಗಿ ಕರ್ಕೊಂಬರ್ತೀನಿ. ಇಂಜೆಕ್ಷನ್ ಕೊಡುವಾಗ ನಾನು ಹಿಡ್ಕೊಳ್ತೀನಿ."

ಹಾಗೇ ಮಾಡಿದಳು. ಜೋಳ ಹಾಕಿದ ಬೋಗುಣಿ ಹಿಡಿದು ಅವಳು ಮುಂದೆ ನಡೆದರೆ ಹಂದಿಗಳು ಹಿಂದೆ ಬಂದವು. ದೊಡ್ಡಿಯನ್ನು ಮಾತ್ರ ಎಳೆದು ತರಬೇಕಾಯಿತು. ಮರಿಗಳನ್ನು ಬುಟ್ಟಿಯಲ್ಲಿ ತಂದರು. ಅಷ್ಟೂ ಮುಗಿಯುವವರೆಗೆ ಅವಳು ಅಳಲಿಲ್ಲ. ಬೋಗುಣಿಯ ತಳದಲ್ಲಿ ಜೋಳ ಇನ್ನೂ ಉಳಿದಿದೆ, ಬರುವವು ಮಾತ್ರ ಇನ್ನು ಯಾವುವೂ ಇಲ್ಲ ಎಂದು ಗೊತ್ತಾದ ಕ್ಷಣದಲ್ಲಿ ಅವಳಿಂದ ಒಂದು ಸದ್ದು ಹೊರಟಿತು. ಅದು ತನ್ನದೇ ದನಿ ಎಂದು ಅವಳಿಗೆ ಅನ್ನಿಸಲಿಲ್ಲ.

ಗುಂಡಿಗೆ ಸುಣ್ಣ ಸುರಿಯುವ ಹೊತ್ತಿಗೆ ಬೇಲಿಯಾಚೆ ಸತೀಶ ನಿಂತಿರುವುದು ಕಂಡಿತು. ಗಾಡಿ ತಂದಿರಲಿಲ್ಲ, ಸುದ್ದಿ ಕೇಳಿ ಬಸ್ಸಿನಲ್ಲಿ ಬಂದಿದ್ದ. ಗಡ್ಡ ಬೆಳೆದಿತ್ತು. ಅವನೇ ಅಧಿಕಾರಿಗಳನ್ನು ಕೇಳಿ, ಅವರು ಕೊಟ್ಟ ಅಂಗಿ ತೊಟ್ಟು, ಸುಣ್ಣದ ಚೀಲ ಹೊತ್ತು ಗುಂಡಿಯ ಹತ್ತಿರ ಬಂದ. ಅಣ್ಣ ತಂಗಿ ಇಬ್ಬರೂ ಚೀಲದ ಒಂದೊಂದು ತುದಿ ಹಿಡಿದು ಸುರಿದರು. ಎಲ್ಲ ಮುಗಿದು ಜೆಸಿಬಿ ಹೋದ ಮೇಲೆ ಅವನು ಹೇಳಿದ:

"ಅತ್ತೆನ ಬಯ್ಬೇಡ. ಕೊಟ್ಟೋನು ನಾನು."

"ಗೊತ್ತು."

"ಆಗ ಚೆನ್ನಾಗಿತ್ತು ಕಣೆ ಅದು. ದೇವ್ರಾಣೆ. ರೋಗ ಇದೆ ಅಂತ ಗೊತ್ತಿದ್ರೆ ಕೊಡ್ತಿದ್ನಾ?"

"ಅವತ್ತು ಗಾಡೀಲಿದ್ದವೂ ನೋಡ್ಲಿಕ್ಕೆ ಚೆನ್ನಾಗೇ ಇದ್ವಲ್ಲ ಅಣ್ಣಾ" ಎಂದಳು ಯಶೋಧಾ. ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಸತೀಶ ಮುಖ ಮುಚ್ಚಿಕೊಂಡ. ಗೇಟಿನಲ್ಲಿ ಅವತ್ತು ಹೇಳಿದ ಮಾತನ್ನು ಅವನು ವಾಪಸ್ ತೆಗೆದುಕೊಳ್ಳಲಿಲ್ಲ, ಅವಳೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಹೋಗುವ ಮುಂಚೆ ಮಾತ್ರ, "ಅಲ್ಲಿ ಸುಪ್ರಿಯಾ ಒಬ್ಳೇ ಇದಾಳೆ. ಹಬ್ಬಕ್ಕೆ ಬಾ" ಎಂದು ನೆಲ ನೋಡುತ್ತಾ ಹೇಳಿದ.

ಶೆಡ್ಡು ಖಾಲಿಯಾಯಿತು. ಔಷಧಿ ಹೊಡೆದು ಬೀಗ ಹಾಕಿ ಹೋದರು. ಹಿಂಡೇ ಇಲ್ಲದ ಮೇಲೆ ಸರ್ಟಿಫಿಕೇಟಿನ ಮಾತೆಲ್ಲಿ, ಅವಳ ಹೆಸರು ಯೋಜನೆಯಿಂದ ತೆಗೆದುಹಾಕಿದರು. ರೋಗ ಮಾತ್ರ ಮುಂದೆ ಹೋಗಲಿಲ್ಲ. ಅತ್ತ ಹೊಸನಗರದ ಕಡೆಯಾಗಲಿ, ಇತ್ತ ಸಾಗರದ ಕಡೆಯಾಗಲಿ ಒಂದು ಹಂದಿಯೂ ಸಾಯಲಿಲ್ಲ ಎಂದು ಸುಚಿತ್ರಾ ಒಂದು ದಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೇಳಿದರು. "ನೀವು ಹೇಳಿದ್ದಕ್ಕೆ ಯಶೋಧಾ" ಎಂದರು. ಆ ಮಾತು ಯಶೋಧಾಗೆ ಸಮಾಧಾನ ಕೊಡಲಿಲ್ಲ. ಉಳಿದ ಹಂದಿಗಳು ಯಾರವೋ ಅವಳಿಗೆ ಗೊತ್ತಿರಲಿಲ್ಲ, ಆ ಜನಕ್ಕೂ ಅವಳು ಯಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದವನು ಮಾಸ್ತಪ್ಪ. ಎದುರು ಸಿಕ್ಕರೆ ಅವನು ಉಗಿದು ಹೋಗುತ್ತಿದ್ದ.

"ಮತ್ತೆ ಶುರು ಮಾಡ್ಬಹುದಾ ಮೇಡಂ?" ಎಂದು ಮಾತ್ರ ಕೇಳಿದಳು.

"ಶೆಡ್ಡು ಕೆಲವು ತಿಂಗಳು ಖಾಲಿ ಇರ್ಬೇಕು. ಆಮೇಲೆ ಮೊದ್ಲು ಒಂದೆರಡು ಮರಿ ಬಿಟ್ಟು ನೋಡ್ಬೇಕು, ಅವು ಉಳಿದ್ರೆ ಉಳಿದಿದ್ದು. ಯೋಜನೆಗೂ ಮೊದಲಿಂದ ಹೆಸರು ಬರೆಸ್ಬೇಕಾಗ್ತದೆ. ಎಲ್ಲಾ ಮೊದಲಿಂದ."

ಅವತ್ತು ಮನೆಗೆ ಬಂದಾಗ ಮಧ್ಯಾಹ್ನ. ಜಗುಲಿಯ ಮೂಲೆ ಖಾಲಿಯಿತ್ತು. ಹುಡುಕಿಕೊಂಡು ಹೋದರೆ ಕೆರಿಯಮ್ಮ ಶೆಡ್ಡಿನ ಬೇಲಿಯ ಹೊರಗೆ ಬಿಸಿಲಲ್ಲಿ ಕೂತಿದ್ದರು. ಕೈಕಾಲು ಕಡ್ಡಿಯಾಗಿದ್ದವು. ಮುಖದಲ್ಲಿ ಬರೀ ಕಣ್ಣು ಕಾಣುತ್ತಿತ್ತು.

"ಮರಿ ಕೂಗಿದಂಗಾಯ್ತು ಕಣೆ" ಎಂದರು.

ಅವರನ್ನು ಕೊಂದುಬಿಡಬೇಕು ಎನ್ನುವಷ್ಟು ಸಿಟ್ಟು ಯಶೋಧಾಗೆ ಇಷ್ಟು ದಿನವೂ ಇತ್ತು. ಈಗಲೂ ಇತ್ತು. ಆದರೆ ಹೀಗೇ ಬಿಟ್ಟರೆ ಈ ಜೀವ ಮುಂದಿನ ಅಮಾವಾಸ್ಯೆ ದಾಟುವುದಿಲ್ಲ ಎನ್ನುವುದು ನೋಡಿದವರಿಗೆ ಯಾರಿಗಾದರೂ ತಿಳಿಯುವಂತಿತ್ತು. ಅವಳು ಒಳಗೆ ಹೋಗಿ ಒಂದೇ ತಟ್ಟೆಗೆ ಗಂಜಿ ಸುರಿದು, ಮಾವಿನಮಿಡಿ ಹಾಕಿಕೊಂಡು ಬಂದು, ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

"ಉಣ್ಣಿ ಅತ್ತೆ."

"ಬೇಡ ಕಣೆ."

"ನಾನೂ ಉಂಡಿಲ್ಲ. ನೀವು ಉಂಡ್ರೆ ಉಣ್ತೀನಿ."

ಕೆರಿಯಮ್ಮ ತಟ್ಟೆಯನ್ನೇ ನೋಡಿದರು.

"ಮುಂದಿನ ವರ್ಷ ಮತ್ತೆ ಹೆಸರು ಬರೆಸ್ತೀನಿ" ಎಂದಳು ಯಶೋಧಾ. "ಡಾಕ್ಟ್ರ ಹತ್ರ ಕೇಳ್ಕೊಂಡ್ ಬಂದೆ. ಮರಿ ಹಾಕುವಾಗ ಕೂರ್ಲಿಕ್ಕೆ ಜನ ಬೇಕು. ನಂಗೊಬ್ಳಿಗೇ ಆಗಲ್ಲ."

"ನನ್ನನ್ನ ಒಳಗೆ ಬಿಡ್ತೀಯೇನೇ? ನನ್ನನ್ನ ನಂಬ್ತೀಯಾ?"

ಸುಳ್ಳು ಹೇಳಿದರೆ ಮುದುಕಿ ಉಣ್ಣಬಹುದು ಎನ್ನಿಸಿತು ಯಶೋಧಾಗೆ. ಹೇಳಲು ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ಅತ್ತೆ" ಎಂದಳು ಕೊನೆಗೆ. "ಈಗ ಉಣ್ಣಿ."

ಬಹಳ ಹೊತ್ತಿನ ಮೇಲೆ ಕೆರಿಯಮ್ಮ ತಟ್ಟೆಗೆ ಕೈ ಹಾಕಿದರು.